ನಕ್ಷೆಯಲ್ಲಿದ್ದ ಫ್ಯಾನು ಸುರಂಗದಲ್ಲಿರಲಿಲ್ಲ
ಸಿವಿಲ್ ಎಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿಗಳಿಗೆ ಒಂದು ಬಹಿರಂಗ ಪತ್ರ

ಪ್ರೀತಿಯ ವಿದ್ಯಾರ್ಥಿಗಳೇ,

ಸೆಪ್ಟೆಂಬರ್ 15, ಎಂಜಿನಿಯರುಗಳ ದಿನ, ಹತ್ತಿರ ಬಂತು. ನಿಮ್ಮ ಕಾಲೇಜುಗಳಲ್ಲಿ ವಿಶ್ವೇಶ್ವರಯ್ಯನವರ ಫೋಟೊಗೆ ಹಾರ ಹಾಕುತ್ತೀರಿ, ಅತಿಥಿಗಳ ಭಾಷಣ ಕೇಳುತ್ತೀರಿ, ಮಾದರಿ ಸೇತುವೆಗಳ ಸ್ಪರ್ಧೆಯೂ ನಡೆಯುತ್ತದೆ. ಅದೆಲ್ಲ ಆಗಲಿ. ಆ ದಿನ ಸಂಜೆ ಎರಡು ಗಂಟೆಗಿಂತ ಸ್ವಲ್ಪ ಹೆಚ್ಚು ಸಮಯವನ್ನು ನನಗೆ ಕೊಡಿ ಎಂದು ಕೇಳಲು ಈ ಪತ್ರ. ಸೆಮಿನಾರ್ ಹಾಲಿನ ಪರದೆಯ ಮೇಲೆ ನೀವೆಲ್ಲ ಒಟ್ಟಿಗೆ ಕೂತು ಒಂದು ಸಿನಿಮಾ ನೋಡಬೇಕು.

ನಾನು ನಿಮ್ಮಲ್ಲಿ ಹೆಚ್ಚಿನವರಿಗೆ ಪರಿಚಿತನಲ್ಲ. ಮೊದಲ ಏಳು ವರ್ಷ ಗುತ್ತಿಗೆದಾರರೊಬ್ಬರ ಬಳಿ ಸೈಟ್ ಎಂಜಿನಿಯರ್ ಆಗಿದ್ದೆ. ಆಮೇಲೆ ನಿವೃತ್ತಿಯ ತನಕ ಪಾಲಿಟೆಕ್ನಿಕ್ ಒಂದರಲ್ಲಿ ಸರ್ವೆ ಮತ್ತು ಎಸ್ಟಿಮೇಟಿಂಗ್ ಪಾಠ ಹೇಳಿದೆ. ಮಕ್ಕಳಿಗೆ ಲೆವೆಲ್ ಯಂತ್ರ ಹಿಡಿಯುವುದನ್ನು ಕಲಿಸಿದೆ, ಎಂ.ಬಿ. ಎಂಬ ಅಳತೆ ಪುಸ್ತಕ ಬರೆಯುವುದನ್ನು ಕಲಿಸಿದೆ. ಆದರೆ ಈ ಸಿನಿಮಾ ಎರಡು ಗಂಟೆಯಲ್ಲಿ ಹೇಳಿದ ಒಂದು ಮಾತನ್ನು ಅಷ್ಟು ವರ್ಷ ಪಾಠ ಮಾಡಿದರೂ ಇಷ್ಟು ಗಟ್ಟಿಯಾಗಿ ಹೇಳಲು ನನ್ನಿಂದ ಆಗಲಿಲ್ಲ.

ಸಿನಿಮಾದ ಹೆಸರು 'ಟನಲ್'. ದಕ್ಷಿಣ ಕೊರಿಯಾದ್ದು, 2016ರ ಆಗಸ್ಟ್‌ನಲ್ಲಿ ತೆರೆ ಕಂಡದ್ದು. ನಿರ್ದೇಶಕ ಕಿಮ್ ಸೊಂಗ್-ಹುನ್. ಆಮೇಲೆ 'ಕಿಂಗ್‌ಡಮ್' ಎಂಬ ಸರಣಿ ಮಾಡಿ ಹೆಸರಾದವರು ಎಂದರೆ ನಿಮ್ಮಲ್ಲಿ ಕೆಲವರಿಗೆ ಗುರುತು ಸಿಗಬಹುದು. ತನ್ನ ನಾಡಿನಲ್ಲಿ ಚಿತ್ರ ಚೆನ್ನಾಗಿಯೇ ಓಡಿತು. ಹೊರಗೆ ಮಾತ್ರ ಅದಕ್ಕೆ ಸಿಗಬೇಕಾದ ಜಾಗ ಸಿಗಲಿಲ್ಲ. ಅದೇ ವರ್ಷ, ಮೂರು ವಾರ ಮುಂಚೆ, 'ಟ್ರೈನ್ ಟು ಬುಸಾನ್' ಬಂದಿತ್ತು. ಜಗತ್ತೆಲ್ಲ ಆ ರೈಲಿನ ಹಿಂದೆ ಓಡಿತು. ನಮ್ಮ ಕಡೆ ಕೊರಿಯಾದ ಸಿನಿಮಾ ಎಂದರೆ ಈಗಲೂ ಆ ರೈಲು, ಇಲ್ಲವೇ 'ಪ್ಯಾರಾಸೈಟ್'. ಕುಸಿದ ಸುರಂಗದೊಳಗೆ ಕಾರಿನಲ್ಲಿ ಸಿಕ್ಕಿಬಿದ್ದ ಒಬ್ಬ ಮನುಷ್ಯನ ಕಥೆಯನ್ನು ಯಾರೂ ನೆನೆಯುವುದಿಲ್ಲ. ನಮ್ಮ ಸಿವಿಲ್ ವಿಭಾಗದವರಂತೂ ನೋಡಿಯೇ ಇಲ್ಲ. ನೋಡಬೇಕಾದವರು ಅವರೇ.

ಕಥೆಯನ್ನು ಅರ್ಧ ಹೇಳುತ್ತೇನೆ, ಕೊನೆಯನ್ನು ಹೇಳುವುದಿಲ್ಲ.

ಜಂಗ್-ಸೂ ಕಾರು ಮಾರುವ ಕೆಲಸದವನು. ಮಗಳ ಹುಟ್ಟುಹಬ್ಬಕ್ಕೆ ಕೇಕ್ ಹಿಡಿದುಕೊಂಡು ಮನೆಗೆ ಹೊರಟಿದ್ದಾನೆ. ದಾರಿಯಲ್ಲಿ ಪೆಟ್ರೋಲ್ ಬಂಕಿನ ಮುದುಕಪ್ಪ ತಪ್ಪಿ ಹೇಳಿದ್ದಕ್ಕಿಂತ ಹೆಚ್ಚು ತುಂಬಿಸುತ್ತಾನೆ, ಬೇಜಾರಾಗಬೇಡ ಎನ್ನುವಂತೆ ಎರಡು ಬಾಟಲಿ ನೀರು ಕೊಡುತ್ತಾನೆ. ಸ್ವಲ್ಪ ಹೊತ್ತಿಗೆ ಹಾದೋ ಎಂಬ ಸುರಂಗ ಅವನ ತಲೆಯ ಮೇಲೆ ಕುಸಿಯುತ್ತದೆ. ಅವನ ಬಳಿ ಉಳಿದದ್ದು ಆ ಕೇಕು, ಆ ಎರಡು ಬಾಟಲಿ ನೀರು, 78 ಶೇಕಡ ಚಾರ್ಜ್ ಇರುವ ಫೋನು. ಹಾ ಜಂಗ್-ವೂ ಎಂಬ ನಟ ಸಿನಿಮಾದ ಬಹುಭಾಗವನ್ನು ಜಜ್ಜಿಹೋದ ಆ ಕಾರಿನೊಳಗೆ ಕೂತು, ಮಲಗಿ, ತೆವಳಿ ನಡೆಸುತ್ತಾನೆ. ಆ ನೀರನ್ನು ಅವನು ಅಳೆದು ಕುಡಿಯುವುದನ್ನು ನೋಡುವಾಗ ನಮ್ಮ ಗಂಟಲೂ ಒಣಗುತ್ತದೆ.

ಈಗ ನಿಮಗೆ ಸಂಬಂಧಪಟ್ಟ ಜಾಗಕ್ಕೆ ಬರುತ್ತೇನೆ.

ರಕ್ಷಣಾ ತಂಡದ ಮುಖ್ಯಸ್ಥ ದೇ-ಕ್ಯುಂಗ್ ಫೋನಿನಲ್ಲಿ ಕೇಳುವುದು ಒಂದೇ: ನೀನು ಎಲ್ಲಿದ್ದೀಯಾ? ಬೆಟ್ಟದ ಮೇಲಿನಿಂದ ನೇರವಾಗಿ ತೂತು ಕೊರೆದು ಅವನನ್ನು ಮೇಲೆತ್ತಬೇಕು. ಎಲ್ಲಿ ಕೊರೆಯಬೇಕು ಎಂಬುದು ಗೊತ್ತಾಗಬೇಕು. ಕತ್ತಲಲ್ಲಿ ಕೂತವನಿಗೆ ಅಡಿಯ ಲೆಕ್ಕ, ಮೀಟರಿನ ಲೆಕ್ಕ ಏನು ಗೊತ್ತು? ಗಾಳಿಯ ಫ್ಯಾನುಗಳಿಗೆ ಸಂಖ್ಯೆ ಇರುತ್ತದಲ್ಲ, ಆ ಸಂಖ್ಯೆ ಹಿಡಿದು ಅವನ ಜಾಗ ಗೊತ್ತು ಮಾಡುತ್ತಾರೆ. ನಕ್ಷೆ ಹರಡುತ್ತಾರೆ, ಫ್ಯಾನಿನಿಂದ ಫ್ಯಾನಿಗೆ ಇರುವ ದೂರ ಲೆಕ್ಕ ಹಾಕುತ್ತಾರೆ, ಬೆಟ್ಟದ ಮೇಲೆ ಗುರುತು ಹಾಕುತ್ತಾರೆ. ಯಂತ್ರ ಕೊರೆಯತೊಡಗುತ್ತದೆ. ಒಂದು ದಿನ, ಒಂದು ವಾರ, ಎರಡು ವಾರಕ್ಕೂ ಮಿಕ್ಕಿ ಹಗಲಿರುಳು ಕೊರೆಯುತ್ತಾರೆ. ಕೊನೆಗೆ ತೂತು ಸುರಂಗ ಮುಟ್ಟುತ್ತದೆ. ಅಲ್ಲಿ ಯಾರೂ ಇಲ್ಲ.

ನಕ್ಷೆಯಲ್ಲಿ ಇದ್ದಷ್ಟು ಫ್ಯಾನು ಸುರಂಗದಲ್ಲಿ ಇರಲಿಲ್ಲ. ಕಟ್ಟಿದವರು ಕಡಿಮೆ ಕೂರಿಸಿದ್ದರು, ಕಾಗದವನ್ನು ತಿದ್ದಿರಲಿಲ್ಲ.

ನಾನು ಮೊದಲ ಸಲ ಈ ದೃಶ್ಯ ನೋಡಿದಾಗ ಮಗನ ಮನೆಯಲ್ಲಿದ್ದೆ. ಸಿನಿಮಾ ನಿಲ್ಲಿಸಿ ಅಂಗಳಕ್ಕೆ ಹೋಗಿ ನಿಂತೆ. ಒಳಗೆ ಬರಲು ಬಹಳ ಹೊತ್ತು ಹಿಡಿಯಿತು. ಯಾಕೆಂದು ಹೇಳಬೇಕು. ಇದುವರೆಗೆ ತರಗತಿಯಲ್ಲಿ ಹೇಳಿದವನಲ್ಲ.

ನನಗಾಗ ಇಪ್ಪತ್ತನಾಲ್ಕು ವರ್ಷ. ಉತ್ತರ ಕರ್ನಾಟಕದ ಒಂದು ಊರಿನಲ್ಲಿ ಒಳಚರಂಡಿಯ ಕೆಲಸ. ಎರೆಮಣ್ಣಿನ ನೆಲ. ಒಂಬತ್ತು ಅಡಿ ಆಳಕ್ಕೆ ಟ್ರೆಂಚ್ ತೆಗೆಯುತ್ತಿದ್ದೆವು. ಬದಿಗಳಿಗೆ ಹಲಗೆ ಕೊಟ್ಟು ಆಧಾರ ನಿಲ್ಲಿಸಬೇಕು ಎಂದು ಎಸ್ಟಿಮೇಟಿನಲ್ಲಿ ಇತ್ತು, ಸೈಟಿನಲ್ಲಿ ಇರಲಿಲ್ಲ. ಹಳೆಯ ಕುಡಿಯುವ ನೀರಿನ ಪೈಪು ರಸ್ತೆಯ ಎಡಬದಿಗೆ ಇದೆ ಎಂದು ನಮ್ಮ ಡ್ರಾಯಿಂಗ್ ಹೇಳುತ್ತಿತ್ತು. ಒಂದೆರಡು ಕಡೆ ಗುಂಡಿ ತೆಗೆದು ಪೈಪು ನಿಜಕ್ಕೂ ಎಲ್ಲಿದೆ ಎಂದು ನೋಡಿ ಗುರುತು ಹಾಕುವುದು ನನ್ನ ಕೆಲಸವಾಗಿತ್ತು. ನಾನು ನೋಡಲಿಲ್ಲ. ಬಿಲ್ ಮುಂದಕ್ಕೆ ಹೋಗಬೇಕು ಎಂದು ಅವಸರ ಮಾಡುತ್ತಿದ್ದರು. ನೋಡಿದ್ದೇನೆ ಎಂದು ಸಹಿ ಹಾಕಿದೆ.

ಪೈಪು ಬಲಬದಿಗಿತ್ತು. ಬೆಳಗಿನ ಹತ್ತು ಗಂಟೆಯ ಹೊತ್ತಿಗೆ ಪಿಕಾಸಿಯ ಏಟು ಅದಕ್ಕೆ ಬಿತ್ತು. ನೀರು ನುಗ್ಗಿತು. ಎರೆಮಣ್ಣು ನೀರು ಕುಡಿದರೆ ಏನಾಗುತ್ತದೆ ಎಂದು ನಿಮಗೆ ಮಣ್ಣಿನ ಪಾಠದಲ್ಲಿ ಹೇಳಿಕೊಟ್ಟಿರುತ್ತಾರೆ. ಟ್ರೆಂಚಿನ ಒಂದು ಬದಿ ಹಾಗೆಯೇ ಜಾರಿ ಕೂತಿತು. ಕೆಳಗಿದ್ದ ಇಬ್ಬರಲ್ಲಿ ಒಬ್ಬ ಮೇಲೆ ಹಾರಿದ. ಇನ್ನೊಬ್ಬ ಎದೆಯವರೆಗೆ ಮಣ್ಣಿನಲ್ಲಿ ಹೂತುಹೋದ. ಮೇಸ್ತ್ರಿ ಯಾರ ಕೈಯಲ್ಲೂ ಸಲಿಕೆ, ಗುದ್ದಲಿ ಹಿಡಿಯಗೊಡಲಿಲ್ಲ, ಮೈಗೆ ತಾಗೀತು ಎಂದು. ಎಲ್ಲರೂ ಕೈಯಿಂದ, ಕಬ್ಬಿಣದ ಬುಟ್ಟಿಯಿಂದ, ಅಡುಗೆ ಮಾಡುತ್ತಿದ್ದ ಹೆಣ್ಣುಮಕ್ಕಳು ತಂದ ತಟ್ಟೆಯಿಂದ ಮಣ್ಣು ತೆಗೆದೆವು. ತೆಗೆದಷ್ಟೂ ಮಣ್ಣು ಮತ್ತೆ ಜಾರುತ್ತಿತ್ತು. ಹಸಿ ಎರೆಮಣ್ಣು ಉಗುರಿನೊಳಗೆ ಹೊಕ್ಕು ಬೆರಳು ಸೆಟೆದುಹೋಗಿದ್ದವು. ಅವನು ಕೂಗಲಿಲ್ಲ. ಮಣ್ಣಿನ ಒತ್ತಿಗೆ ಉಸಿರು ಪೂರ್ತಿ ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಒಂದೂವರೆ ತಾಸಿನ ಮೇಲೆ ಹೊರಗೆ ಬಂದ. ಜೀವ ಉಳಿಯಿತು, ಎಡಗಾಲು ಮೊದಲಿನಂತಾಗಲಿಲ್ಲ.

ಎಂಟು ದಿನ ಬಿಟ್ಟು ಆಸ್ಪತ್ರೆಗೆ ಹೋದೆ. ಬೈಗುಳ ತಿನ್ನಲು ತಯಾರಾಗಿ ಹೋಗಿದ್ದೆ. ಅವನು ಬೈಯಲಿಲ್ಲ. "ಸಾಹೇಬ್ರ, ನಿಮ್ಮ ಕಾಗದದಾಗ ಆ ಪೈಪ ಇರಲಿಲ್ಲೇನ್ರೀ?" ಎಂದು ಕೇಳಿದ. ಅಷ್ಟೇ. ಓದು ಬರಹ ಬಾರದ ಅವನಿಗೆ ನಮ್ಮ ಕಾಗದದ ಮೇಲೆ ಅಂಥ ನಂಬಿಕೆ. ಕಾಗದದಲ್ಲಿ ಇದ್ದಿದ್ದರೆ ಸಾಹೇಬರು ತನಗೆ ಹೇಳದೆ ಇರುತ್ತಿರಲಿಲ್ಲ ಎಂಬ ನಂಬಿಕೆ. ನಾನು ಏನು ಉತ್ತರ ಕೊಟ್ಟೆ ಎಂಬುದು ನೆನಪಿಲ್ಲ. ನೆಲ ನೋಡಿದ್ದು ನೆನಪಿದೆ.

ಅದಕ್ಕೇ ಹೇಳುತ್ತಿರುವುದು. ಡ್ರಾಯಿಂಗ್ ಇರುವುದು ಬಿಲ್ ಪಾಸಾಗಲಿ ಎಂದಲ್ಲ. ಒಂದು ದಿನ ಅದೇ ಡ್ರಾಯಿಂಗ್ ಹಿಡಿದು ಯಾರೋ ಯಾರನ್ನೋ ಹುಡುಕುತ್ತಿರುತ್ತಾರೆ. ಮೇಲಿದ್ದವರಿಗೂ ಕೆಳಗಿದ್ದವರಿಗೂ ನಡುವೆ ಉಳಿದಿರುವುದು ಆ ಹಾಳೆ ಒಂದೇ. ನೀವು ಇವತ್ತು ಕಾಲೇಜಿನ ಲ್ಯಾಬಿನಲ್ಲಿ ಪಕ್ಕದವನ ರೀಡಿಂಗ್ ನೋಡಿ ಬರೆದುಕೊಳ್ಳುತ್ತೀರಲ್ಲ, ಅಲ್ಲಿಂದ ಶುರುವಾಗುತ್ತದೆ ಇದು. ನಾನೂ ಹಾಗೆ ಬರೆದುಕೊಂಡೇ ಪಾಸಾದವನು, ಹಾಗಾಗಿ ಖಂಡಿತವಾಗಿ ಹೇಳಬಲ್ಲೆ.

ಕೊರಿಯಾದವರು ಈ ಸಿನಿಮಾವನ್ನು ಸುಮ್ಮನೆ ಕಲ್ಪಿಸಿಕೊಂಡದ್ದಲ್ಲ. 1995ರ ಜೂನ್ 29ರಂದು ಸೋಲ್ ನಗರದಲ್ಲಿ ಸಾಂಪೂಂಗ್ ಎಂಬ ಅಂಗಡಿ ಸಂಕೀರ್ಣ ಕುಸಿದು 502 ಜನ ಸತ್ತರು. ನಿಮ್ಮ ಕಾಲೇಜಿನಲ್ಲಿ ಅದರ ಪಾಠ ಇದೆಯೋ ಇಲ್ಲವೋ, ನೀವಾಗಿಯೇ ಹುಡುಕಿ ಓದಿ. ವಸತಿ ಕಟ್ಟಡಕ್ಕೆಂದು ಆದ ವಿನ್ಯಾಸವನ್ನು ಅಂಗಡಿಗೆ ಬದಲಾಯಿಸಿದರು. ಎಸ್ಕಲೇಟರ್ ಕೂರಿಸಲು ಕಂಬಗಳನ್ನು ತೆಗೆದರು. ಆಮೇಲೆ ಐದನೆಯ ಅಂತಸ್ತು ಏರಿಸಿದರು. 80 ಸೆಂಟಿಮೀಟರ್ ಇರಬೇಕಾದ ಕಂಬಗಳು 60 ಸೆಂಟಿಮೀಟರ್ ಆಗಿದ್ದವು. ಇಷ್ಟೂ ಕಡೆ ಯಾರೋ ಸಹಿ ಹಾಕಿದ್ದಾರೆ. ಆ ಅವಶೇಷದ ಕೆಳಗಿನಿಂದ ಕೊನೆಯ ಜೀವಂತ ವ್ಯಕ್ತಿಯನ್ನು ಹೊರತೆಗೆದದ್ದು ಎರಡು ವಾರ ದಾಟಿದ ಮೇಲೆ.

2014ರ ಏಪ್ರಿಲ್‌ನಲ್ಲಿ ಸೆವೋಲ್ ಹಡಗು ಮುಳುಗಿ 304 ಜನ ಸತ್ತರು, ಹೆಚ್ಚಿನವರು ಪ್ರವಾಸ ಹೊರಟಿದ್ದ ಹೈಸ್ಕೂಲು ಮಕ್ಕಳು. ಇದ್ದಲ್ಲಿಯೇ ಇರಿ ಎಂದು ಧ್ವನಿವರ್ಧಕದಲ್ಲಿ ಹೇಳಿದ್ದನ್ನು ಆ ಮಕ್ಕಳು ನಂಬಿ ಕೂತಿದ್ದರು. 'ಟನಲ್' ಬಂದದ್ದು ಅದಾಗಿ ಎರಡು ವರ್ಷಕ್ಕೆ. ಸಿನಿಮಾದಲ್ಲಿ ಮಂತ್ರಿಗಳು ಬಂದು ಸಂತ್ರಸ್ತನ ಹೆಂಡತಿಯ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುವಾಗ, ಉಳಿದಿರುವ ಫೋನ್ ಚಾರ್ಜನ್ನು ಟೀವಿಯವರು ನೇರಪ್ರಸಾರಕ್ಕೆಂದು ತಿಂದುಹಾಕುವಾಗ, ಅಲ್ಲಿನ ಪ್ರೇಕ್ಷಕರಿಗೆ ಏನು ನೆನಪಾಗಿರಬಹುದು ಎಂದು ಬೇರೆ ಹೇಳಬೇಕಿಲ್ಲ.

ಇದು ದೂರದ ದೇಶದ ಮಾತು ಎಂದುಕೊಳ್ಳಬೇಡಿ. 2023ರ ನವೆಂಬರ್ 12, ದೀಪಾವಳಿಯ ಬೆಳಗಿನ ಜಾವ, ಉತ್ತರಾಖಂಡದ ಸಿಲ್‌ಕ್ಯಾರಾ ಸುರಂಗ ಕುಸಿದು 41 ಕಾರ್ಮಿಕರು ಒಳಗೆ ಸಿಕ್ಕಿಕೊಂಡರು. 17 ದಿನ. ಮೊದಲು ನಾಲ್ಕಿಂಚಿನ ಪೈಪಿನಲ್ಲಿ ಗಾಳಿ, ಮಂಡಕ್ಕಿ, ಕಡಲೆ. ಆಮೇಲೆ ಆರಿಂಚಿನ ಪೈಪಿನಲ್ಲಿ ಬಿಸಿ ಊಟ, ಒಂದು ಪುಟ್ಟ ಕ್ಯಾಮರಾ. ದೊಡ್ಡ ಕೊರೆಯುವ ಯಂತ್ರ ಒಳಗೇ ಮುರಿದು ನಿಂತಿತು. ಉಳಿದ ಹತ್ತು ಹನ್ನೆರಡು ಮೀಟರನ್ನು ಕೈಯಲ್ಲಿ ಅಗೆದವರು ಇಲಿಬಿಲದಂಥ ಗಣಿಗಳಲ್ಲಿ ದುಡಿದು ಪಳಗಿದ ಬಡ ಕೂಲಿಗಳು. ಒಬ್ಬ ಅಗೆಯುವುದು, ಒಬ್ಬ ಮಣ್ಣು ತುಂಬುವುದು, ಒಬ್ಬ ಹೊರಕ್ಕೆ ಎಳೆಯುವುದು, ಪೈಪಿನೊಳಗೆ ಮೊಣಕಾಲೂರಿಕೊಂಡು. ನವೆಂಬರ್ 28ರ ರಾತ್ರಿ ಎಲ್ಲ 41 ಜನ ಹೊರಗೆ ಬಂದರು. ಆ ರಾತ್ರಿ ನಾನೂ ಅತ್ತೆ. ಆದರೆ ಮರುದಿನ ಒಂದು ಹಳೆಯ ಕಾಗದ ನೆನಪಾಯಿತು. 2018ರಲ್ಲಿ ಕೇಂದ್ರ ಸಂಪುಟ ಆ ಸುರಂಗಕ್ಕೆ ಒಪ್ಪಿಗೆ ಕೊಟ್ಟಾಗ ಯೋಜನೆಯ ಹೆಸರಿನಲ್ಲಿಯೇ 'ತಪ್ಪಿಸಿಕೊಳ್ಳುವ ದಾರಿ ಸಹಿತ' ಎಂದಿತ್ತು. ಕುಸಿದ ದಿನ ಆ 41 ಜನಕ್ಕೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ. ಸಿನಿಮಾದಲ್ಲಿ ನಕ್ಷೆಯಲ್ಲಷ್ಟೇ ಇದ್ದ ಫ್ಯಾನಿನಂತೆಯೇ ಇದು ಎಂದು ನನಗನ್ನಿಸಿತು. ಕಾಗದದಲ್ಲಿ ಇದೆ, ಬೆಟ್ಟದಲ್ಲಿ ಇಲ್ಲ.

2025ರ ಫೆಬ್ರುವರಿ 22ರಂದು ನಮ್ಮ ಪಕ್ಕದ ತೆಲಂಗಾಣದಲ್ಲಿ, ಶ್ರೀಶೈಲಂ ಎಡದಂಡೆ ಕಾಲುವೆಯ ಸುರಂಗದಲ್ಲಿ ಎಂಟು ಜನ ಸಿಕ್ಕಿಕೊಂಡರು. ಒಬ್ಬರೂ ಜೀವಂತ ಬರಲಿಲ್ಲ. ಸಿಲ್‌ಕ್ಯಾರಾದ ಸಂತೋಷವನ್ನು ಎಲ್ಲರೂ ನೆನೆಯುತ್ತಾರೆ, ಈ ಎಂಟು ಜನರನ್ನು ಎಷ್ಟು ಬೇಗ ಮರೆತೆವು. ಇನ್ನು ಧಾರವಾಡದ ಕುಮಾರೇಶ್ವರ ನಗರ. 2019ರ ಮಾರ್ಚ್ 19, ಕಟ್ಟುತ್ತಿದ್ದ ಕಟ್ಟಡ ಕುಸಿದು 19 ಜನ ಹೋದರು. ದಿನಗಟ್ಟಲೆ ಅವಶೇಷದ ಕೆಳಗಿದ್ದು ಜೀವಂತ ಬಂದವರೂ ಇದ್ದರು. ಆ ಬೀದಿಯಲ್ಲಿ ಹಗ್ಗದ ಆಚೆ ನಿಂತಿದ್ದೆ. ಯಂತ್ರಗಳನ್ನೆಲ್ಲ ನಿಲ್ಲಿಸಿ, ಎಲ್ಲರೂ ಸುಮ್ಮನಿರಿ ಎಂದು ಕೈಸನ್ನೆ ಮಾಡಿ, ರಕ್ಷಣಾ ದಳದ ಯೋಧನೊಬ್ಬ ಕಾಂಕ್ರೀಟಿಗೆ ಕಿವಿ ಕೊಟ್ಟು ಮಲಗಿದ. ಇಡೀ ಬೀದಿ ಉಸಿರು ಹಿಡಿಯಿತು. ದೂರದಲ್ಲಿ ಒಂದು ಆಟೊ ಹಾರ್ನ್ ಹೊಡೆದದ್ದಕ್ಕೆ ಹತ್ತಾರು ಜನ ಒಮ್ಮೆಲೇ ತಿರುಗಿ ನೋಡಿದರು.

ಈ ಸಿನಿಮಾದಲ್ಲೂ ಅಂಥ ಒಂದು ಮೌನ ಇದೆ. ಯಾವಾಗ ಬರುತ್ತದೆ ಎಂದು ಹೇಳುವುದಿಲ್ಲ. ಬಂದಾಗ ನೀವೂ ಉಸಿರು ಹಿಡಿಯುತ್ತೀರಿ.

ಚಿತ್ರದಲ್ಲಿ ನನಗೆ ಒಪ್ಪಿಗೆಯಾಗದ್ದೂ ಇದೆ. ಮಂತ್ರಿಗಳನ್ನು, ಅಧಿಕಾರಿಗಳನ್ನು ತೀರ ಒಂದೇ ಬಣ್ಣದಲ್ಲಿ ಬಳಿದಿದ್ದಾರೆ. ನಾನು ಕಂಡ ಅಧಿಕಾರಿಗಳಲ್ಲಿ ರಾತ್ರಿಯೆಲ್ಲ ಸೈಟಿನಲ್ಲಿ ನಿಂತವರೂ ಇದ್ದರು, ಅವರಿಗೆ ಈ ಚಿತ್ರ ನ್ಯಾಯ ಮಾಡುವುದಿಲ್ಲ. ಅಷ್ಟು ದಿನ ಒಬ್ಬ ಮನುಷ್ಯ ಬದುಕಿರುವುದನ್ನು ನಂಬಲು ಕೆಲವು ಕಡೆ ಮನಸ್ಸು ಮಾಡಬೇಕಾಗುತ್ತದೆ. ಆದರೆ ಓ ದಾಲ್-ಸೂ ಮಾಡಿದ ದೇ-ಕ್ಯುಂಗ್ ಪಾತ್ರವೊಂದಕ್ಕೇ ಇದೆಲ್ಲ ಮಾಫಿ. ನೀರು ಮುಗಿದರೆ ಮೂತ್ರ ಕುಡಿಯಬೇಕಾಗುತ್ತದೆ ಎಂದು ಒಳಗಿದ್ದವನಿಗೆ ಹೇಳಿದ ಮನುಷ್ಯ, ಅದು ಹೇಗಿರುತ್ತದೆಂದು ತಾನೂ ಕುಡಿದು ನೋಡುತ್ತಾನೆ. ಇನ್ನೊಬ್ಬರಿಗೆ ಹೇಳುವ ಮೊದಲು ತನ್ನ ಮೈಮೇಲೆ ಅಳೆದು ನೋಡುವ ಗುಣ ಅದು. ಒಳ್ಳೆಯ ಸೈಟ್ ಎಂಜಿನಿಯರಿಗೆ ಇರಬೇಕಾದದ್ದು ಇದೇ.

ಬೇ ದೂನಾ ಮಾಡಿದ ಹೆಂಡತಿಯ ಪಾತ್ರವನ್ನೂ ಗಮನವಿಟ್ಟು ನೋಡಿ. ಗಂಡ ಕೆಳಗಿದ್ದಾನೆ, ಈಕೆ ಶಿಬಿರದಲ್ಲಿ ರಕ್ಷಣಾ ಕೆಲಸದವರಿಗೆ ಅಡುಗೆ ಮಾಡಿ ಬಡಿಸುತ್ತಾಳೆ. ಒಳಗೆ ಕಾರಿನ ರೇಡಿಯೊದಲ್ಲಿ ಸಿಗುವುದು ಶಾಸ್ತ್ರೀಯ ಸಂಗೀತದ ಒಂದೇ ಒಂದು ಕೇಂದ್ರ. ಆ ಕೇಂದ್ರದ ಮೂಲಕ ಆಕೆ ಗಂಡನೊಡನೆ ಮಾತಾಡುತ್ತಾಳೆ, ಅವನು ಕೇಳುತ್ತಿದ್ದಾನೋ ಇಲ್ಲವೋ ಗೊತ್ತಿಲ್ಲದೆ. ಮುಂದೆ ರಕ್ಷಣಾ ಕೆಲಸದಲ್ಲಿ ಒಬ್ಬ ಕೆಲಸಗಾರ ಸಾಯುತ್ತಾನೆ. ಜನರ ಮನಸ್ಸು ತಿರುಗುತ್ತದೆ. ಹತ್ತಿರದಲ್ಲಿ ಎರಡನೆಯ ಸುರಂಗದ ಕಾಮಗಾರಿ ನಿಂತು ನಷ್ಟವಾಗುತ್ತಿದೆ, ಸಿಡಿಮದ್ದು ಇಟ್ಟು ಕೆಲಸ ಶುರು ಮಾಡೋಣ ಎಂಬ ಮಾತು ಏಳುತ್ತದೆ. ಒಪ್ಪಿಗೆಯ ಕಾಗದ ಆಕೆಯ ಮುಂದೆ ಬರುತ್ತದೆ. ಸಹಿ ಬೇಕು. ನೋಡಿ, ಇಲ್ಲಿಯೂ ಒಂದು ಸಹಿ. ಫ್ಯಾನಿನ ಲೆಕ್ಕಕ್ಕೆ ಸಹಿ ಹಾಕಿದವನು ಯಾರು ಎಂದು ಸಿನಿಮಾ ತೋರಿಸುವುದೇ ಇಲ್ಲ. ಅವನ ಸಹಿಯ ಭಾರವನ್ನು ಈ ಹೆಣ್ಣುಮಗಳು ಹೊರುವುದನ್ನು ತೋರಿಸುತ್ತದೆ.

ನಿಮ್ಮಲ್ಲಿ ಎಷ್ಟೋ ಜನ ಮುಂದಿನ ವರ್ಷ ಕೆಲಸಕ್ಕೆ ಸೇರುತ್ತೀರಿ. ಬೆಂಗಳೂರಿನ ನೆಲದಡಿಯಲ್ಲಿ ಊರ್ಜಾ, ಅವನಿ, ತುಂಗಾ, ಭದ್ರಾ ಎಂಬ ಹೆಸರಿನ ಯಂತ್ರಗಳು ಮೆಟ್ರೊಗಾಗಿ ದಾರಿ ಕೊರೆದದ್ದು ನಿಮಗೆ ಗೊತ್ತು. ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುರಂಗ ರಸ್ತೆಯ ಮಾತು ನಡೆದಿದೆ. ಅದು ಬೇಕೋ ಬೇಡವೋ ಎಂಬ ಚರ್ಚೆ ಈ ಪತ್ರದ್ದಲ್ಲ. ನೆಲದ ಕೆಳಗಿನ ಕೆಲಸ ನಿಮ್ಮ ಕಾಲದಲ್ಲಿ ನನ್ನ ಕಾಲಕ್ಕಿಂತ ಹತ್ತು ಪಾಲು ಹೆಚ್ಚು ಇರುತ್ತದೆ ಎಂಬುದಷ್ಟೇ ನನ್ನ ಮಾತು. ಎಲ್ಲೋ ಒಂದು ಕಡೆ ರಾಕ್ ಬೋಲ್ಟ್ ಒಂದು ಸಾಲು ಕಡಿಮೆ ಬಿದ್ದಿರುತ್ತದೆ, ಶಾಟ್‌ಕ್ರೀಟ್ ದಪ್ಪ ಎರಡು ಬೆರಳು ಕಡಿಮೆ ಇರುತ್ತದೆ. ಸಂಜೆ ಐದೂವರೆಗೆ ಯಾರೋ ಪುಸ್ತಕ ಚಾಚಿ "ಸರ್, ಇಲ್ಲೊಂದು ಸೈನ್" ಎನ್ನುತ್ತಾರೆ. ಅವರು ಕೆಟ್ಟವರಾಗಿರುವುದಿಲ್ಲ. ನಗುತ್ತಲೇ ಕೇಳುತ್ತಾರೆ, ಚಹಾ ತರಿಸಿರುತ್ತಾರೆ. ಆಗ ನಿಮಗೆ ಐ.ಎಸ್. ಕೋಡಿನ ಯಾವ ಕಲಮೂ ನೆನಪಾಗುವುದಿಲ್ಲ. ಕತ್ತಲೆಯಲ್ಲಿ ಕೂತು ಫ್ಯಾನಿನ ಸಂಖ್ಯೆ ಹೇಳುವ ಆ ಮನುಷ್ಯನ ಮುಖ ನೆನಪಾಗಲಿ ಎಂದೇ ಈ ಸಿನಿಮಾ ನೋಡಿ ಎನ್ನುತ್ತಿದ್ದೇನೆ.

ಎರಡು ಕೋರಿಕೆ ಇದೆ. ಒಂದು, ಸೆಪ್ಟೆಂಬರ್ 15ರ ಸಂಜೆ 'ಟನಲ್' ನೋಡಿ. ಕೊರಿಯನ್ ಭಾಷೆಯಲ್ಲೇ, ಅಡಿಬರಹದ ಜೊತೆ ನೋಡಿ. ಕಟ್ಟಡಕ್ಕೆ ಸಂಬಂಧಪಟ್ಟ ಮೇಸ್ತ್ರಿಗಳು, ಗಾರೆ ಕೆಲಸದವರು ನಿಮ್ಮ ಕಾಲೇಜಿನ ಆವರಣದಲ್ಲೇ ಯಾರಾದರೂ ಇದ್ದರೆ ಅವರನ್ನೂ ಕರೆದು ಕೂರಿಸಿಕೊಳ್ಳಿ. ಅಡಿಬರಹವನ್ನು ಯಾರಾದರೂ ಗಟ್ಟಿಯಾಗಿ ಕನ್ನಡದಲ್ಲಿ ಹೇಳುತ್ತಾ ಹೋಗಲಿ.

ಇನ್ನೊಂದು, ಮರುದಿನ ಬೆಳಿಗ್ಗೆ ನಿಮ್ಮ ಪ್ರಾಂಶುಪಾಲರ ಬಳಿ ಹೋಗಿ ಕಾಲೇಜು ಕಟ್ಟಡದ ನಕ್ಷೆ ಕೇಳಿ. ಮೂಲ ನಕ್ಷೆಯೂ ಬೇಕು, ಕಟ್ಟಿ ಮುಗಿಸಿದ ಮೇಲೆ ಬರೆದದ್ದೂ ಬೇಕು. ಸಿಗದಿದ್ದರೆ ಸಿಗಲಿಲ್ಲ ಎಂದು ಬರೆದಿಡಿ. ಸಿಕ್ಕರೆ ನಾಲ್ಕು ನಾಲ್ಕು ಜನರ ತಂಡ ಮಾಡಿಕೊಂಡು, ಟೇಪ್ ಹಿಡಿದು, ಒಂದೊಂದು ಅಂತಸ್ತು ಅಳೆಯಿರಿ. ಕಂಬದ ದಪ್ಪ, ಬೆಂಕಿಬಿದ್ದಾಗ ಇಳಿಯುವ ಮೆಟ್ಟಿಲು, ಹೊರಬಾಗಿಲು, ನೆಲದಡಿಯ ನೀರಿನ ತೊಟ್ಟಿ. ತಾಳೆಯಾಗದ್ದಕ್ಕೆ ಕೆಂಪು ಪೆನ್ಸಿಲಿನಲ್ಲಿ ಗುರುತು ಹಾಕಿ, ಕೆಳಗೆ ನಾಲ್ವರೂ ಹೆಸರು ಬರೆದು ಸಹಿ ಮಾಡಿ. ಅಳೆಯದೆ ಇದ್ದ ಜಾಗಕ್ಕೆ ಸಹಿ ಮಾಡಬೇಡಿ.

ನಿಮ್ಮ,
ನಿವೃತ್ತ ಮೇಷ್ಟ್ರು